ಬೀಗ ಹಾಕಿದ ಮನೆಗಳು

ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಎರಡು ವರ್ಷ ಕ್ಷೇತ್ರ ಸಹಾಯಕನಾಗಿದ್ದೆ. ವರದಿಯ ಮೇಲಿರುವುದು ಪ್ರೊಫೆಸರರ ಹೆಸರು. ಕೆಲಸ ಮಾಡಿದ್ದು ಆರು ಜನ: ಪ್ರೊಫೆಸರ್, ಮೂವರು ಕ್ಷೇತ್ರ ಸಹಾಯಕರು, ದತ್ತಾಂಶವನ್ನು ಕಂಪ್ಯೂಟರಿಗೆ ಏರಿಸುವ ಮೇಡಂ, ಬಾಡಿಗೆ ಜೀಪಿನ ಚಾಲಕ.

ಮಂಡ್ಯ ಜಿಲ್ಲೆಯ ಎರಡು ಊರುಗಳನ್ನು ಆರಿಸಿಕೊಂಡಿದ್ದೆವು. ಒಂದಕ್ಕೆ ನಾಲೆಯ ನೀರು, ಇನ್ನೊಂದಕ್ಕೆ ಮಳೆಯೇ ಗತಿ. ಎರಡರಲ್ಲೂ ಯಾರು ಯಾವ ದುಡಿಮೆ ಮಾಡುತ್ತಾರೆ ಎಂಬುದನ್ನು ಮನೆಮನೆಗೂ ಹೋಗಿ ಕೇಳಬೇಕಿತ್ತು. ಊರುಗಳ ಹೆಸರು ಹೇಳುವುದಿಲ್ಲ. ನಮ್ಮ ಶಾಸ್ತ್ರದಲ್ಲಿ ಅದು ಹಳೆಯ ವಾಡಿಕೆ. 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅದನ್ನು ರಾಂಪುರ ಎಂದು ಕರೆದರು. 1954ರಲ್ಲಿ ಮಂಡ್ಯಕ್ಕೆ ಬಂದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಕೂಡ ತಾವು ಅಧ್ಯಯನ ಮಾಡಿದ ನೀರಾವರಿ ಊರನ್ನು ವಂಗಲ, ಒಣ ಊರನ್ನು ದಲೇನ ಎಂದು ಮರೆಮಾಡಿದರು. ನಮ್ಮ ಯೋಜನೆಯ ಬೇರು ಅಲ್ಲೇ ಇತ್ತು.

ಮೊದಲ ವಾರ ನಾವು ಊರ ಹಿರಿಯರೊಬ್ಬರ ಜಗಲಿಯ ಮೇಲೆ ಕುಳಿತೆವು. ನೆರಳು, ಕಾಫಿ, ಮರ್ಯಾದೆ ಎಲ್ಲವೂ ಇತ್ತು. ದಿನಕ್ಕೆ ಹನ್ನೊಂದು ಪ್ರಶ್ನಾವಳಿ ತುಂಬುತ್ತಿದ್ದೆ, ಹೆಮ್ಮೆಯೂ ಇತ್ತು. ಮೂರು ಬಾರಿ ಹೋದರೂ ಬಾಗಿಲು ತೆರೆಯದ ಮನೆಯ ಮುಂದೆ ‘ಬೀಗ’ ಎಂದು ಬರೆದು ಬಿಡಬಹುದೆಂಬ ನಿಯಮವಿತ್ತು. ಬರೆದು ಬಿಟ್ಟೆವು.

ಒಂದು ಸಂಜೆ ವಾಪಸು ಬರುವಾಗ ಚಾಲಕ ಕೇಳಿದ: “ಸಾರ್, ಕೆರೆ ಏರಿಯ ಆಚೆಗಿನ ಕೇರಿಯಲ್ಲಿ ಎಷ್ಟು ಮನೆ ಆಯಿತು?”

ಪಟ್ಟಿ ನೋಡಿದೆ. ಇಪ್ಪತ್ತಮೂರು ಮನೆಗಳಲ್ಲಿ ಹದಿನೇಳು ಬೀಗ.

“ಅವರು ಬೆಳಿಗ್ಗೆ ಆರಕ್ಕೇ ಕಬ್ಬು ಕಡಿಯಲು ಹೊರಡುತ್ತಾರೆ ಸಾರ್. ನೀವು ಹತ್ತಕ್ಕೆ ಬಂದರೆ ಬೀಗವಲ್ಲದೆ ಇನ್ನೇನು ಸಿಗುತ್ತದೆ?”

ನಾವು ಜಗಲಿಯಲ್ಲಿ ಕುಳಿತಿದ್ದಾಗ ಅವನು ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕುಳಿತು ಇಷ್ಟನ್ನೂ ತಿಳಿದುಕೊಂಡಿದ್ದ. ಉಳಿದ ಆರು ಮನೆಯವರನ್ನು ನಾವು ಜಗಲಿಗೇ ಕರೆಸಿದ್ದೆವು. ಅವರು ಕೆಳಗೆ ನಿಂತೇ ಇದ್ದರು. ಕೂಲಿ ಎಷ್ಟು, ಸಾಲ ಎಷ್ಟು ಎಂಬುದಕ್ಕೆ ಆ ಜಗಲಿಯ ಯಜಮಾನರೇ ಉತ್ತರ ಹೇಳಿದ್ದರು. ರಾಂಪುರದಲ್ಲಿ ತಾನು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ನಡುವೆ ನಿಂತು ಕಂಡ ಊರು ಎಂದು ಶ್ರೀನಿವಾಸ್ ಅವರೇ ಮುಂದೆ ಒಪ್ಪಿಕೊಂಡಿದ್ದರು. ಅದನ್ನು ಎಂ.ಎ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದವನು ನಾನು.

ಮರುದಿನದಿಂದ ವೇಳೆ ಬದಲಾಯಿತು: ಬೆಳಗಿನ ಐದೂವರೆಗೆ, ಇಲ್ಲವೇ ರಾತ್ರಿ ಏಳರ ಮೇಲೆ, ಅವರವರ ಮನೆಯಲ್ಲೇ. ಆ ಆರು ಪ್ರಶ್ನಾವಳಿಗಳನ್ನು ಹರಿದು ಹಾಕಿ ಮತ್ತೆ ತುಂಬಿದೆವು. ಸಾಲದ ಲೆಕ್ಕ ಆರರಲ್ಲೂ ಬೇರೆಯಾಯಿತು. ದಿನಕ್ಕೆ ನಾಲ್ಕು ಪ್ರಶ್ನಾವಳಿ ಮುಗಿದರೆ ಪುಣ್ಯ. ಹೆಚ್ಚುವರಿ ದಿನಗಳ ಭತ್ಯೆಯ ಬಿಲ್ಲು ಲೆಕ್ಕಪತ್ರ ಶಾಖೆಯಲ್ಲಿ ಏಳು ತಿಂಗಳು ಮಲಗಿತ್ತು. ಅದು ಬೇರೆ ಕಥೆ.

ಎರಡನೆಯ ಪಾಠ ಕಲಿಸಿದವರು ನಮ್ಮ ತಂಡದ ಸಹೋದ್ಯೋಗಿ, ಕ್ಷೇತ್ರ ಸಹಾಯಕಿ. ‘ನಿಮ್ಮ ಉದ್ಯೋಗವೇನು?’ ಎಂದು ಕೇಳಿದರೆ ಹೆಂಗಸರು ‘ಏನೂ ಇಲ್ಲ, ಮನೆಯಲ್ಲೇ ಇದ್ದೇನೆ’ ಎನ್ನುತ್ತಿದ್ದರು. ನಾವು ‘ಗೃಹಿಣಿ’ ಎಂದು ಗುರುತು ಹಾಕುತ್ತಿದ್ದೆವು. ಹಾಗೆ ಹೇಳಿದ ಒಬ್ಬ ತಾಯಿಯ ಕೈಯಲ್ಲಿ ಆಗಷ್ಟೇ ಡೇರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು ಇತ್ತು. ಸಹೋದ್ಯೋಗಿ ಆ ಪ್ರಶ್ನೆಯನ್ನೇ ಹೊಡೆದುಹಾಕಿ, “ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಹೇಳಿ ಅಮ್ಮಾ” ಎಂದು ಕೇಳತೊಡಗಿದರು. ಒಂದು ಸಾಲಿನ ಉತ್ತರ ಒಂದೂವರೆ ಪುಟವಾಯಿತು: ಹಾಲು ಕರೆದದ್ದು, ಸಗಣಿ ಬಾಚಿದ್ದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದ್ದು, ಮುಯ್ಯಾಳಾಗಿ ನಾಟಿಗೆ ಹೋದದ್ದು. ಪ್ರೊಫೆಸರ್ ಮೊದಲು ಗೊಣಗಿದರು, ಆಮೇಲೆ ಪ್ರಶ್ನಾವಳಿಯನ್ನೇ ಮರುಮುದ್ರಣ ಮಾಡಿಸಿದರು. ಆ ದೊಡ್ಡತನ ಎಲ್ಲರಿಗೂ ಇರುವುದಿಲ್ಲ.

ನನ್ನನ್ನು ಹಿಡಿದವರು ಕಂಪ್ಯೂಟರ್ ಮೇಡಂ. ಹಳ್ಳಿಗೆ ಅವರು ಒಮ್ಮೆಯೂ ಬಂದವರಲ್ಲ. “ನಿಮ್ಮ ಹಾಳೆಗಳಲ್ಲಿ ಯಾರಿಗೂ ನಲವತ್ಮೂರು ವರ್ಷ ಆಗುವುದೇ ಇಲ್ಲವೇ? ಎಲ್ಲರೂ ನಲವತ್ತು, ನಲವತ್ತೈದು, ಐವತ್ತು!” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ವಯಸ್ಸು ಗೊತ್ತಿಲ್ಲದವರು ಅಂದಾಜಿನಲ್ಲಿ ಹೇಳಿದ್ದನ್ನು ನಾನು ಹಾಗೆಯೇ ಬರೆದುಕೊಂಡಿದ್ದೆ. ಅಂದಿನಿಂದ ಘಟನೆಗಳನ್ನು ಹಿಡಿದು ಕೇಳಲು ಕಲಿತೆ. ಇಂದಿರಾ ಗಾಂಧಿ ತೀರಿಕೊಂಡಾಗ ನಿಮಗೆ ಮದುವೆಯಾಗಿತ್ತೇ? ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಾಗ ಮಗ ಎಷ್ಟನೆಯ ತರಗತಿ? 1984, 2000 ಎಂದರೆ ಸುಮ್ಮನಿರುವವರು ರಾಜಣ್ಣನ ಹೆಸರೆತ್ತಿದರೆ ಆ ದಿನ ಏನು ಅಡುಗೆ ಮಾಡಿದ್ದರೆಂಬುದನ್ನೂ ಹೇಳುತ್ತಿದ್ದರು.

ಎಪ್‌ಸ್ಟೀನ್ ಅವರ ಸಂಶೋಧನಾ ಸಹಾಯಕರಾಗಿದ್ದ ಎ. ಪಿ. ಸೂರ್ಯನಾರಾಯಣ, 1998ರಲ್ಲಿ ಅದೇ ಹಳ್ಳಿಗಳ ಬಗ್ಗೆ ಬಂದ ಪುಸ್ತಕದಲ್ಲಿ ಸಹಲೇಖಕರು. ನಮ್ಮ ವರದಿಯಲ್ಲಿ ಸಹಾಯಕರಿಗೆ ಕೃತಜ್ಞತೆಯ ಅರ್ಧ ಸಾಲು ಸಿಕ್ಕಿತು. ಚಾಲಕ ಖರ್ಚಿನ ಪಟ್ಟಿಯಲ್ಲಿ ‘ವಾಹನ ಬಾಡಿಗೆ’ಯೊಳಗೆ ಸೇರಿಹೋಗಿದ್ದ.

ಅವನಿಗೊಂದು ಪ್ರತಿ ಕೊಟ್ಟೆ. ಕೇರಿಯ ಕೋಷ್ಟಕ ತೋರಿಸು ಎಂದ. ತೋರಿಸಿದೆ. ಬೆರಳಿಟ್ಟು ನೋಡಿ, “ಇಪ್ಪತ್ತೆರಡು ಎಂದಿದೆಯಲ್ಲ ಸಾರ್, ಒಂದು ಮನೆ ಕಡಿಮೆ” ಎಂದ. ಆ ಮನೆಯವರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ನಮ್ಮ ಕೈಗೆ ಸಿಗಲೇ ಇಲ್ಲ ಎಂದೆ.

“ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಹಬ್ಬಕ್ಕೆ ಬಂದಿದ್ದರು” ಎಂದ.