ಗೀಸರ್ ಕಾಯಿಲ್ ಹೋಗಿದೆಯಾ? 52900 ನೆನಪಿಡಿ

ಗೀಸರ್ ಬಿಸಿಯಾಗದಿದ್ದರೆ ಹೊಸ ಕಾಯಿಲ್ ತರೋ ಮುಂಚೆ 52900 ಅನ್ನು ಅದರ ವ್ಯಾಟ್‌ನಿಂದ ಭಾಗಿಸಿ. ಬರೋದು ಕಾಯಿಲ್‌ನ ಓಮ್, ಅಂದ್ರೆ ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ. 2000 ವ್ಯಾಟ್‌ಗೆ ಸುಮಾರು 26, 3000ಕ್ಕೆ ಸುಮಾರು 18. ಪ್ಲಗ್ ಕಿತ್ತು, ವೈರ್ ಬಿಚ್ಚಿ, ಕಾಯಿಲ್‌ನ ಎರಡು ತುದಿಗೆ ಓಮ್‌ಗೆ ಇಟ್ಟ ಮೀಟರ್ ಹಿಡಿಯಿರಿ (ಮುಂಬೈನ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳ ಸಾದಾ ಮಲ್ಟಿಮೀಟರ್ ಸಾಕು). ಹತ್ತಿರದ ಸಂಖ್ಯೆ ಬಂದರೆ ಕಾಯಿಲ್ ಚೆನ್ನಾಗಿದೆ, ಥರ್ಮೋಸ್ಟಾಟ್ (ಬಿಸಿ ನೋಡಿ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಕಡೆ ನೋಡಿ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಲೆಕ್ಕ ಸುಲಭ: ವೋಲ್ಟ್ ಇಂಟು ಆಂಪ್ ಅಂದ್ರೆ ವ್ಯಾಟ್, ವೋಲ್ಟ್ ಭಾಗಿಸು ಆಂಪ್ ಅಂದ್ರೆ ಓಮ್, ಎರಡೂ ಸೇರಿದಾಗ ವೋಲ್ಟಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ಓಮ್ ಸಿಗುತ್ತೆ, 230ರ ವರ್ಗವೇ ಈ 52900. ಇಸ್ತ್ರಿ ಪೆಟ್ಟಿಗೆಗೂ ನಡೆಯುತ್ತೆ, ಯಾಕಂದ್ರೆ ಇಂಥ ಕಾಯಿಲ್‌ನಲ್ಲಿರುವ ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಯ ಓಮ್ ಬಿಸಿಯಾದರೂ ಜಾಸ್ತಿ ಬದಲಾಗಲ್ಲ. ಹಳೇ ಹಳದಿ ಬಲ್ಬಿಗೆ ನಡೆಯಲ್ಲ, ತಣ್ಣಗಿರುವಾಗ ಅದರ ಓಮ್ ತುಂಬಾ ಕಡಿಮೆ. ಫ್ಯಾನ್, ಫ್ರಿಜ್, ಎಲ್‌ಇಡಿಗೂ ಇಲ್ಲ. ಇನ್ನೊಂದು ಮಾತು, ಓಮ್ ಸರಿ ಬಂತು ಅಂತ ಶಾಕ್ ಹೊಡೆಯಲ್ಲ ಅಂದುಕೊಳ್ಳಬೇಡಿ. ಮುಂಬೈ ಮಳೆಗಾಲದ ತೇವಕ್ಕೆ ಕಾಯಿಲ್‌ನಿಂದ ಟ್ಯಾಂಕಿಗೆ ಕರೆಂಟ್ ಸೋರಬಹುದು, ಮೀಟರಿನ ಪುಟ್ಟ ಬ್ಯಾಟರಿಗೆ ಅದು ಎಷ್ಟೋ ಸಲ ಗೊತ್ತೇ ಆಗಲ್ಲ. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್‌ನಲ್ಲೇ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ನೋಡುವ ಮೀಟರ್) ನೋಡಿಸಿ.