ಗದ್ದೆಗೆ ಹೊಳೆಯುವ ರಿಬ್ಬನ್: ಹಕ್ಕಿ ಬೆದರುವುದೇಕೆ, ಕಟ್ಟುವುದು ಹೇಗೆ

ಹೊಳೆಯುವ ವಸ್ತು ಕಂಡರೆ ಕಾಗೆ ಬಿಡುವುದಿಲ್ಲ, ರಿಬ್ಬನ್ ಕಟ್ಟಿದರೆ ಇದ್ದ ಹಕ್ಕಿಗಳ ಜೊತೆ ಅದನ್ನೂ ಕರೆದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹೆದರಬೇಕಿಲ್ಲ. ಕಾಗೆಯ ಬಳಗದ್ದೇ ಆದ ಮ್ಯಾಗ್‌ಪೈ ಹಕ್ಕಿಯ ಮೇಲೆ ಯುರೋಪಿನಲ್ಲಿ ಇದೇ ಅಪವಾದ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು: 64 ಸಲ ಆಹಾರದ ಪಕ್ಕ ವಸ್ತುಗಳನ್ನಿಟ್ಟರೂ ಹಕ್ಕಿ ಹೊಳೆಯುವುದನ್ನು ಎತ್ತಿದ್ದು ಎರಡೇ ಸಲ, ಎತ್ತಿದ ಕೂಡಲೇ ಕೆಳಗೆ ಹಾಕಿತು. ನೀಲಿ ಬಣ್ಣ ಬಳಿದು ಹೊಳಪು ಮುಚ್ಚಿದ ವಸ್ತುಗಳಿಗೂ ಅಷ್ಟೇ ಅಂಜಿತು. ಅಂದರೆ ಅಂಜಿಕೆ ಹೊಳಪಿನದ್ದಲ್ಲ, ಹೊಸತರದ್ದು. ಕಾಗೆ ತಂತಿ ಒಯ್ಯುವುದು ಗೂಡಿಗೆ ಗಟ್ಟಿ ಎಂದು. ಚಮಚ ಒಯ್ದರೆ ಅದಕ್ಕೆ ಅಂಟಿದ ಅನ್ನಕ್ಕಾಗಿ. ನಿಜಕ್ಕೂ ಬಣ್ಣಬಣ್ಣದ ವಸ್ತು ಕೂಡಿಡುವವು ಆಸ್ಟ್ರೇಲಿಯಾದ ಗಂಡು ಬೋವರ್ ಹಕ್ಕಿಗಳು, ಅದೂ ಹೆಣ್ಣನ್ನು ಒಲಿಸಿಕೊಳ್ಳಲು. ಅವು ನಮ್ಮಲ್ಲಿಲ್ಲ.

ಹಕ್ಕಿ ಅಂಜುವುದು ಹೊಸತಕ್ಕೆ ಎಂಬ ಈ ಒಂದು ಅಂಶದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ರಿಬ್ಬನ್ ಹೊಸತಾಗಿ ಕಾಣುವಷ್ಟು ದಿನ ಮಾತ್ರ ಹಕ್ಕಿ ದೂರ ಇರುತ್ತದೆ, ಹೆಚ್ಚೆಂದರೆ ಎರಡು ಮೂರು ವಾರ. ಆದ್ದರಿಂದ ನಾಟಿ ಮುಗಿದ ಕೂಡಲೇ ಕಟ್ಟಿದರೆ ದುಡ್ಡು ದಂಡ. ಏಣೆಲಾಗಲಿ (ಮಳೆಗಾಲದ ಬೆಳೆ) ಸುಗ್ಗಿಯಾಗಲಿ (ಅದರ ನಂತರದ ಎರಡನೇ ಬೆಳೆ), ತೆನೆಯಲ್ಲಿ ಹಾಲು ತುಂಬತೊಡಗಿದ ದಿನ ಕಟ್ಟಿ. ಕಾಳು ತಿನ್ನುವ ಪುಟ್ಟ ಹಕ್ಕಿ ರಾಟವಾಳ ಮತ್ತು ಗಿಳಿಗಳ ಕಾಟ ಜೋರಾಗುವುದು ಆಗಲೇ.

ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣ ಇರುವ, ಸುಮಾರು ಒಂದು ಸೆಂಟಿಮೀಟರ್ ಅಗಲದ ತೆಳು ರಿಬ್ಬನ್ ಬೇಕು. 10 ಸೆಂಟ್ಸ್ ಗದ್ದೆ ಎಂದರೆ ಹೆಚ್ಚುಕಡಿಮೆ 20 ಮೀಟರ್ ಉದ್ದ, 20 ಮೀಟರ್ ಅಗಲ. ಐದು ಮೀಟರಿಗೊಂದು ಸಾಲಿನಂತೆ ಐದು ಸಾಲಿಗೆ 100 ಮೀಟರ್ ರಿಬ್ಬನ್ ಹಿಡಿಯುತ್ತದೆ. ತಿರುಚಲು, ಗಂಟು ಹಾಕಲು ಇನ್ನೊಂದು 10 ಮೀಟರ್ ಇರಲಿ. ರಾಟವಾಳಗಳ ಹಿಂಡೇ ಇಳಿಯುವ ಜಾಗದಲ್ಲಿ ಐದು ಮೀಟರ್ ಅಂತರ ಸಾಲದು, ಮೂರಕ್ಕೆ ಇಳಿಸಿ. ಆಗ ಎಂಟು ಸಾಲು.

ಕಟ್ಟಹುಣಿಯಿಂದ (ಗದ್ದೆಯ ಬದು) ಕಟ್ಟಹುಣಿಗೆ, ತೆಂಕು–ಬಡಗು ದಿಕ್ಕಿನಲ್ಲಿ, ಹತ್ತು ಮೀಟರಿಗೊಂದು ಅಡಿಕೆ ಸಲಾಕೆ ಊರಿ. ರಿಬ್ಬನ್ ತೆನೆಗಿಂತ ಒಂದೂವರೆ ಅಡಿ ಮೇಲಿರಬೇಕು. ಒಂದು ತುದಿ ಕಟ್ಟಿ, ಮುಂದಿನ ಸಲಾಕೆಗೆ ಕಟ್ಟುವ ಮೊದಲು ನಾಲ್ಕೈದು ಸುತ್ತು ತಿರುಚಿ. ಈ ತಿರುಚನ್ನೇ ಹೆಚ್ಚಿನವರು ಮರೆಯುತ್ತಾರೆ. ತಿರುಚದ ರಿಬ್ಬನ್ ಒಂದೇ ಕಡೆಗೆ ಹೊಳೆದು ಸುಮ್ಮನಾಗುತ್ತದೆ. ತಿರುಚಿದ್ದು ಗಾಳಿಗೆ ಕೆಂಪು–ಬೆಳ್ಳಿಯಾಗಿ ಮಿನುಗುತ್ತ ಗುಂಯ್‌ಗುಡುತ್ತದೆ. ಬಿಗಿದು ಕಟ್ಟಿದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ತೆನೆಗೆ ಸುತ್ತಿಕೊಳ್ಳುತ್ತದೆ.

ಮೋಡ ಕವಿದಾಗ ಮಿನುಗು ಇಲ್ಲ, ಗಾಳಿ ನಿಂತರೆ ಸದ್ದೂ ಇಲ್ಲ. ಏಣೆಲಿಗೆ ಈ ತೊಂದರೆ ಹೆಚ್ಚು, ಅಂಥ ದಿನ ತಗಡು ಬಡಿಯುವುದೇ ಗತಿ. ವಾರಕ್ಕೊಮ್ಮೆ ಸಾಲುಗಳ ಜಾಗ ಬದಲಿಸಿದರೆ ರಿಬ್ಬನಿಗೆ ಇನ್ನಷ್ಟು ದಿನ ಆಯುಷ್ಯ. ನವಿಲು ಅಡಿಯಿಂದ ನಡೆದೇ ಬರುವುದರಿಂದ ಅದಕ್ಕೆ ಇದು ಅಷ್ಟಾಗಿ ತಾಗುವುದಿಲ್ಲ. ಬದಿಗೆ ಬಲೆ ಕಟ್ಟಬೇಕು. ವಿಷ, ಉರುಳು ಬೇಡ, ನವಿಲು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹಂದಿಗಂತೂ ಇದು ಲೆಕ್ಕಕ್ಕೇ ಇಲ್ಲ.

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ರಿಬ್ಬನ್ ಬೇಡ, ಹಳೆಯ ಸಿಡಿ ನಾಲ್ಕು ಸಾಕು. ಚಾಪೆಯ ಮೇಲೆ ಎರಡಡಿ ಎತ್ತರದಲ್ಲಿ ನೂಲಿಗೆ ನೇತುಹಾಕಿ, ಸಂಜೆ ತೆಗೆದಿಡಿ, ಮರುದಿನ ಬೇರೆ ಕಡೆ ಕಟ್ಟಿ. ಕನ್ನಡಿಯ ಚೂರು ಮಾತ್ರ ಬೇಡವೇ ಬೇಡ. ಬಿದ್ದರೆ ಕಾಲಿಗೆ ಚುಚ್ಚುತ್ತದೆ. ಸಾಲದ್ದಕ್ಕೆ ಮಡಿವಾಳ, ಸೂರಕ್ಕಿಯಂಥ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ತಮ್ಮ ಪ್ರತಿಬಿಂಬವನ್ನೇ ಎದುರಾಳಿ ಎಂದು ಬಗೆದು ಕುಟ್ಟುತ್ತ ಕೂರುತ್ತವೆ. ಕಾರಿನ ಕನ್ನಡಿಗೆ ಹೀಗೆ ಬರುತ್ತಿದ್ದರೆ ಬಟ್ಟೆಯ ಚೀಲ ಹಾಕಿ. ಕಿಟಕಿಯಾದರೆ ಹೊರಗಿನ ಬದಿಗೆ ಸಾಬೂನು ನೀರು ಬಳಿದು ಒಣಗಲು ಬಿಡಿ. ಒಳಗೆ ಪರದೆ ಎಳೆದರೂ ಗಾಜಿನ ಹೊರಮೈಯಲ್ಲಿ ಪ್ರತಿಬಿಂಬ ಉಳಿದೇ ಇರುತ್ತದೆ.

ಕೊಯ್ಲಿನ ಹಿಂದಿನ ದಿನವೇ ರಿಬ್ಬನ್ ಸುತ್ತಿ ತೆಗೆಯಿರಿ, ತುಂಡಾಗಿ ಬಿದ್ದದ್ದನ್ನು ಹೆಕ್ಕಿ. ಬೈಹುಲ್ಲಿನ ಜೊತೆ ಅದು ದನದ ಹೊಟ್ಟೆ ಸೇರಿದರೆ ಕರಗುವುದಿಲ್ಲ. ಸುತ್ತಿದ ರಿಬ್ಬನ್ನನ್ನು ಬಿಸಿಲು ತಾಗದಂತೆ ಅಟ್ಟದಲ್ಲಿಡಿ. ಬೆಳ್ಳಿ ಬಣ್ಣ ಮಾಸದಿದ್ದರೆ ಮುಂದಿನ ಬೆಳೆಗೂ ಆದೀತು.