ಎಝ್ ಬೆಟ್ಟದೂರು: ಕಾಲ್ನಡಿಗೆಯಲ್ಲಿ ಏರಿ ಬಸ್ಸಿನಲ್ಲಿ ಇಳಿಯುವ ನಮ್ಮ ಕ್ರಮ

ಅರವತ್ತು ದಾಟಿದವರನ್ನು ಜೊತೆಗೆ ಕರೆದುಕೊಂಡು, ಬಾಡಿಗೆ ಕಾರಿಲ್ಲದೆ, ಅದೂ ಚಳಿಗಾಲದಲ್ಲಿ ದಕ್ಷಿಣ ಫ್ರಾನ್ಸಿನ ಬೆಟ್ಟದೂರುಗಳನ್ನು ನಡೆದೇ ನೋಡುತ್ತೇನೆಂದು ಹೇಳಿದಾಗ, ನಮ್ಮ ಚಾರಣ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಕುಮಾರಪರ್ವತವನ್ನು ಹಲವು ಸಲ ಏರಿಳಿದ ಹಿರಿಯರೊಬ್ಬರಂತೂ, "ಅವರನ್ನೆಲ್ಲ ಹತ್ತಿಸಿ, ಆಮೇಲೆ ಹೊತ್ತುಕೊಂಡು ಬರುವವರು ಯಾರು ಮಾರಾಯ್ರೆ?" ಎಂದು ಸಭೆಯಲ್ಲೇ ಕೇಳಿದ್ದರು. ಹೊತ್ತುಕೊಂಡು ಬರುವ ಪ್ರಸಂಗ ಇದುವರೆಗೆ ಒದಗಿಲ್ಲ. ಹಾಗಾಗಿ ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕ್ರಮದ ತಿರುಳು ಇಷ್ಟೇ: ಏರುವುದು ಕಾಲ್ನಡಿಗೆಯಲ್ಲಿ, ಇಳಿಯುವುದು ಬಸ್ಸಿನಲ್ಲಿ. ನೀಸ್ ನಗರಕ್ಕೂ ಮೊನಾಕೊಗೂ ನಡುವೆ, ಸಮುದ್ರಮಟ್ಟದಿಂದ ಸುಮಾರು 430 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿರುವ ಎಝ್ ಹಳ್ಳಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಬಸ್ಸಿನಲ್ಲಿ ಮೇಲಕ್ಕೆ ಬಂದು, ಜರ್ಮನ್ ತತ್ತ್ವಜ್ಞಾನಿ ನೀಷೆಯ ಹೆಸರಿನಿಂದ ನೀಷೆ ಹಾದಿ ಎನಿಸಿಕೊಂಡ ಕಾಲುದಾರಿಯಲ್ಲಿ ಸಮುದ್ರದ ಕಡೆಗೆ ಇಳಿದು, ಕೆಳಗಿನ ಎಝ್-ಸುರ್-ಮೇರ್ ನಿಲ್ದಾಣದಲ್ಲಿ ರೈಲು ಹಿಡಿಯುತ್ತಾರೆ. ಕೇಳುವುದಕ್ಕೆ ಸುಲಭವೆನಿಸುವ ಈ ಇಳಿಕೆಯೇ ವಯಸ್ಸಾದ ಮೊಣಕಾಲಿಗೆ ಶತ್ರು. ದಾರಿ ಎರಡು ಕಿಲೋಮೀಟರ್‌ಗಿಂತ ತುಸು ಹೆಚ್ಚಿರಬಹುದು. ಆದರೆ ಅಷ್ಟರಲ್ಲೇ ನಾನ್ನೂರು ಮೀಟರ್ ಇಳಿಯಬೇಕು, ಮೆಟ್ಟಿಲುಗಳು ಒಂದೇ ಅಳತೆಯಲ್ಲಿಲ್ಲ, ಸುಣ್ಣಕಲ್ಲು ಕಾಲುಗಳ ಉಜ್ಜಾಟದಿಂದ ನುಣುಪಾಗಿದೆ. ಏರುವಾಗ ದಣಿಯುವುದು ಉಸಿರು. ನಿಂತರೆ ಅದು ಎರಡು ನಿಮಿಷದಲ್ಲಿ ಮರಳುತ್ತದೆ. ಇಳಿಯುವಾಗ ಕೆಡುವುದು ಕೀಲು, ಅದು ಮರಳುವುದಕ್ಕೆ ವಾರಗಳೇ ಬೇಕು. ಹಾದಿಗೆ ಹೆಸರು ಕೊಟ್ಟ ತತ್ತ್ವಜ್ಞಾನಿಯೂ 1880ರ ದಶಕದಲ್ಲಿ ನೀಸ್‌ನಲ್ಲಿ ಚಳಿಗಾಲಗಳನ್ನು ಕಳೆಯುತ್ತಿದ್ದಾಗ ನಿಲ್ದಾಣದಿಂದ ಮೇಲಕ್ಕೇ ನಡೆದವನು. ತನ್ನ ಮುಖ್ಯ ಕೃತಿಯೊಂದರ ಭಾಗ ಆ ಕಡಿದಾದ ಏರಿನಲ್ಲಿ ರೂಪುಗೊಂಡಿತೆಂದು ಆತನೇ ಬರೆದುಕೊಂಡಿದ್ದಾನೆ. ನನ್ನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

ಈ ಕ್ರಮ ಮೊದಲ ಯತ್ನಕ್ಕೇ ಕೈಗೂಡಿದ್ದಲ್ಲ. ಆರಂಭದಲ್ಲಿ ಮಕ್ಕಳ ರಜೆಗೆ ಹೊಂದಿಸಿಕೊಂಡು ಜುಲೈಯಲ್ಲಿ ಹೋಗಿದ್ದೆವು. ದಕ್ಷಿಣಕ್ಕೆ ಮುಖಮಾಡಿದ ಆ ಇಳಿಜಾರಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೇ ಕಲ್ಲು ಕಾದು ಬಿಸಿ ಉಗುಳುತ್ತಿತ್ತು. ಹಾದಿಯಲ್ಲಿ ಎಲ್ಲಿಯೂ ನೀರಿಲ್ಲ. ತಂಡದ ಅರ್ಧದಷ್ಟು ಜನ ಮೂರನೆಯ ಒಂದು ಭಾಗವನ್ನೂ ದಾಟದೆ ಹಿಂದಿರುಗಿದರು. ಕಾಡ್ಗಿಚ್ಚಿನ ಭಯದಿಂದ ಅಲ್ಲಿನ ಕೆಲವು ಗುಡ್ಡಗಳಿಗೆ ಬೇಸಿಗೆಯಲ್ಲಿ ಪ್ರವೇಶ ನಿರ್ಬಂಧವೂ ಇರುತ್ತದೆ. ಮುಂದಿನ ಸಲ ಅಕ್ಟೋಬರ್ ಕೊನೆಗೆ ಹೋದರೆ, ಮೆಡಿಟರೇನಿಯನ್ ಶರತ್ಕಾಲದ ಕುಖ್ಯಾತ ಜಡಿಮಳೆ ಹಿಡಿಯಿತು. ಆಗುಂಬೆಯ ಮಳೆ ಕಂಡವರಿಗೆ ಮಳೆಯೇನೂ ಹೊಸದಲ್ಲ. ಆದರೆ ಒದ್ದೆ ಸುಣ್ಣಕಲ್ಲಿನ ಮೇಲೆ ನಮ್ಮ ಘಟ್ಟದ ಅನುಭವ ಏನೂ ನೆರವಾಗುವುದಿಲ್ಲ, ಕಲ್ಲು ಉರುಳುವ ಭಯವಿದ್ದಾಗ ಹಾದಿಯನ್ನು ಮುಚ್ಚುವುದೂ ಉಂಟು.

ಕಾರಿನ ಪ್ರಯೋಗಕ್ಕೆ ಹಣ ಸುರಿದದ್ದು ಇನ್ನೊಂದು ಕಥೆ. ಬಾಡಿಗೆ ಕಂಪನಿಯೊಂದು ನಮ್ಮ ಡೆಬಿಟ್ ಕಾರ್ಡನ್ನು ಠೇವಣಿಗೆ ಒಪ್ಪದೆ, ಹೆಚ್ಚುವರಿ ವಿಮೆಯ ಹೆಸರಿನಲ್ಲಿ ಮೂಲ ಬಾಡಿಗೆಯಷ್ಟೇ ಹಣವನ್ನು ಮತ್ತೆ ಕಿತ್ತುಕೊಂಡಿತು. ಎಝ್‌ನಲ್ಲಿ ವಾಹನ ನಿಲ್ಲಿಸುವ ಜಾಗ ಚಿಕ್ಕದು, ಅದಕ್ಕೂ ಶುಲ್ಕ. ಜಾಗ ಸಿಗುವಷ್ಟರಲ್ಲಿ ಬೆಳಗಿನ ತಂಪು ಮುಗಿದಿತ್ತು. ಅದಕ್ಕಿಂತ ಮುಖ್ಯವಾಗಿ, ಕಾರಿದ್ದರೆ ಅದನ್ನು ನಿಲ್ಲಿಸಿದಲ್ಲಿಗೇ ಮರಳಬೇಕು. ಅಂದರೆ ಏರಿದವರು ಇಳಿಯಲೇಬೇಕು, ನಮ್ಮ ಕ್ರಮದ ಬುಡವೇ ಅಲ್ಲಾಡುತ್ತದೆ.

ಈಗ ನಾವು ಹೋಗುವುದು ಜನವರಿ ಎರಡನೆಯ ವಾರದ ನಂತರ, ಇಲ್ಲವೇ ಮಾರ್ಚ್ ಆರಂಭದಲ್ಲಿ. ನಡುವಿನ ಫೆಬ್ರವರಿಯಲ್ಲಿ ನೀಸ್‌ನ ಕಾರ್ನಿವಲ್ ಮತ್ತು ಇಟಲಿ ಗಡಿಯ ಬಳಿಯ ಮೆಂತೋನ್ ಪಟ್ಟಣದ ನಿಂಬೆ ಉತ್ಸವ ನಡೆಯುವುದರಿಂದ ಕೋಣೆಗಳ ಬೆಲೆ ಗಗನಕ್ಕೇರುತ್ತದೆ. ಹಗಲಿನ ಉಷ್ಣಾಂಶ ಹನ್ನೆರಡು-ಹದಿಮೂರು ಡಿಗ್ರಿ, ಗಾಳಿ ತಿಳಿಯಾಗಿರುತ್ತದೆ. ಅದೃಷ್ಟವಿದ್ದ ಮುಂಜಾವಿನಲ್ಲಿ ಕಡಲಿನ ಆಚೆ ಕಾರ್ಸಿಕಾ ದ್ವೀಪದ ಹಿಮ ಹೊದ್ದ ಶಿಖರಗಳೂ ಗೋಚರಿಸುತ್ತವೆ. ಹಗಲು ಚಿಕ್ಕದೆಂಬುದೊಂದೇ ತೊಡಕು, ಐದೂವರೆಯೊಳಗೆ ಬಸ್ಸಿನಲ್ಲಿರಬೇಕು.

ನೀಸ್‌ನ ಮುಖ್ಯ ನಿಲ್ದಾಣದಿಂದ ಎಝ್-ಸುರ್-ಮೇರ್‌ಗೆ ರೈಲಿನಲ್ಲಿ ಕಾಲು ಗಂಟೆ, ದರ ಮೂರೋ ನಾಲ್ಕೋ ಯೂರೋ. ಹಾದಿ ನಿಲ್ದಾಣದ ಬಳಿಯೇ ಶುರುವಾಗಿ, ಮೊದಲು ಬಂಗಲೆಗಳ ನಡುವೆ ಕಾಂಕ್ರೀಟು ಮೆಟ್ಟಿಲಾಗಿ, ಆಮೇಲೆ ಪೈನ್ ಮರಗಳ ಕಣಿವೆಯೊಳಗೆ ಕಲ್ಲುದಾರಿಯಾಗಿ ಸಾಗುತ್ತದೆ. ಫಲಕಗಳು ಒಂದೂವರೆ ಗಂಟೆಯ ಒಳಗಿನ ಅವಧಿಯನ್ನು ಹೇಳುತ್ತವೆ. ನಾವು ಎರಡೂಕಾಲು ಗಂಟೆ ತೆಗೆದುಕೊಳ್ಳುತ್ತೇವೆ, ಅದಕ್ಕಾಗಿ ನನಗೆ ಯಾವ ಸಂಕೋಚವೂ ಇಲ್ಲ. ಅತಿ ನಿಧಾನದವರು ಮುಂದೆ, ನಾನು ಕೊನೆಗೆ. ಮೊದಲ ಇಪ್ಪತ್ತು ನಿಮಿಷ ಯಾರಿಗೂ ಮಾತು ನಿಲ್ಲಿಸುವಷ್ಟು ವೇಗ ಬರಗೊಡುವುದಿಲ್ಲ. ಅರ್ಧ ದಾರಿಗೆ ಮುಂಚೆ, ಗಾಳಿ ತಾಕದ, ಹತ್ತು ಮಂದಿ ಕೂರಬಹುದಾದ ಒಂದು ಮಟ್ಟಸ ಜಾಗವಿದೆ. ಹಾದಿಯಿಂದ ಅದು ಕಾಣುವುದಿಲ್ಲ, ಎಲ್ಲಿದೆ ಎಂಬುದನ್ನು ನಾನು ಇಲ್ಲಿ ಬರೆಯುವುದೂ ಇಲ್ಲ. ನಮ್ಮ ಜೊತೆ ಬಂದವರಿಗೆ ಗೊತ್ತು. ಹಠಾತ್ತನೆ ಯಾರಿಗಾದರೂ ಆಗದೆ ಹೋದರೆ ಕೆಳಗಿನ ನಿಲ್ದಾಣದಿಂದ ಹಳ್ಳಿಗೆ 83ನೆಯ ನಂಬರಿನ ಚಿಕ್ಕ ಬಸ್ಸು ಓಡುತ್ತದೆ. ಅದರ ವೇಳಾಪಟ್ಟಿ ವಿರಳ, ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಬೇಕು.

ಹಳ್ಳಿಯ ಗಲ್ಲಿಗಳ ಬಗ್ಗೆ ಹೆಚ್ಚು ಹೇಳಲಾರೆ. ಈಗ ಅಲ್ಲಿರುವುದು ಬಹುಪಾಲು ಅಂಗಡಿಗಳು. ನೆತ್ತಿಯಲ್ಲಿದ್ದ ಕೋಟೆಯನ್ನು 1706ರಲ್ಲಿ ಹದಿನಾಲ್ಕನೆಯ ಲೂಯಿಯ ಆಜ್ಞೆಯಂತೆ ಕೆಡವಿದರು, ಆ ಅವಶೇಷಗಳ ನಡುವೆ 1949ರಲ್ಲಿ ಕಳ್ಳಿಗಿಡಗಳ ತೋಟ ಎದ್ದಿತು. ತೋಟದ ಟಿಕೆಟ್ಟು ದುಬಾರಿಯೆನಿಸಿದರೂ ನೋಟಕ್ಕಾಗಿ ಕೊಡಬಹುದು. ನಮ್ಮಂಥವರಿಗೆ ಹೆಚ್ಚು ರುಚಿಸುವುದು ಹಳ್ಳಿಯ ಮೇಲಿನ ಗುಡ್ಡಸಾಲು. ಅದರ ಮೇಲೆ, ಸುಮಾರು ಏಳುನೂರು ಮೀಟರ್ ಎತ್ತರದಲ್ಲಿ, 19ನೆಯ ಶತಮಾನದ ಕೊನೆಯ ಭಾಗದ ರೆವೇರ್ ಕೋಟೆ ಇದೆ. 1942ರಲ್ಲಿ ಅಲ್ಲಿ ಬಂಧನದಲ್ಲಿದ್ದ ಬ್ರಿಟಿಷ್ ವಿಮಾನಪಡೆಯ ಹಲವರು ತಪ್ಪಿಸಿಕೊಂಡು ಹೋಗಿದ್ದರು. ಅಲ್ಲಿಂದ ಪೂರ್ವಕ್ಕೆ ನಡೆದರೆ ಲಾ ತುರ್ಬಿ ಎಂಬ ಊರು: ಆಲ್ಪ್ಸ್‌ನ 45 ಬುಡಕಟ್ಟುಗಳನ್ನು ಗೆದ್ದ ನೆನಪಿಗೆ ರೋಮನ್ ಚಕ್ರವರ್ತಿ ಆಗಸ್ಟಸನಿಗಾಗಿ ಕ್ರಿಸ್ತಪೂರ್ವ 6ರ ಸುಮಾರಿಗೆ ನಿಲ್ಲಿಸಿದ ಸ್ಮಾರಕದ ಉಳಿದ ಭಾಗವೇ ಇಂದಿಗೂ 35 ಮೀಟರ್ ಎತ್ತರವಿದೆ. ದಾರಿಯುದ್ದಕ್ಕೂ ಮರದ ಕಂಬಗಳ ಮೇಲೆ ಸಂಖ್ಯೆಗಳಿವೆ. ಫ್ರಾನ್ಸಿನ ಸರ್ಕಾರಿ ನಕ್ಷಾ ಸಂಸ್ಥೆಯಾದ ಐಜಿಎನ್‌ನ 3742 ಓಟಿ ನಕ್ಷೆಯನ್ನು ಇಟ್ಟುಕೊಂಡು ಕಂಬದಿಂದ ಕಂಬಕ್ಕೆ ಲೆಕ್ಕ ಹಾಕಿದರೆ ಮೊಬೈಲು ಬೇಕಾಗುವುದೇ ಇಲ್ಲ. ಈ ಎರಡನೆಯ ಭಾಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು; ಎಝ್‌ವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಏರಿದರೆ ಸಾಕು.

ಆಹಾರದಲ್ಲೂ ಪ್ರಯೋಗಗಳಾದವು. ಹುರಿಹಿಟ್ಟು, ಬೆಲ್ಲ ಮತ್ತು ಶೇಂಗಾ ಬೆರೆಸಿದ ಉಂಡೆಗಳು ಚೆನ್ನಾಗಿ ಕೆಲಸ ಮಾಡಿದವು. ಫ್ಲಾಸ್ಕಿನ ಬಿಸಿನೀರಿಗೆ ಗಟ್ಟಿ ಅವಲಕ್ಕಿ ಹಾಕುವುದು ಮಾತ್ರ ಗಾಳಿಯಲ್ಲಿ ಆರಿ ಸಪ್ಪೆಯಾಯಿತು. ಸಸ್ಯಾಹಾರಿಗಳಿಗೆ ನೀಸ್‌ನ ಹಳೆಯ ಪೇಟೆಯಲ್ಲಿ ಸಿಗುವ ಸೊಕ್ಕಾ ದೊಡ್ಡ ಆಸರೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟನ್ನೇ ಕಲಸಿ ಸೌದೆ ಒಲೆಯಲ್ಲಿ ಸುಟ್ಟ ಈ ತಿನಿಸು ಮೆಣಸಿನಪುಡಿ ಉದುರಿಸಿದರೆ ನಮ್ಮ ಕಡಲೆಹಿಟ್ಟಿನ ದೋಸೆಯಂತೆಯೇ ಹೊಟ್ಟೆಗೆ ಹಿತ. ಪಾನ್ ಬಾನ್ಯಾ ಎಂಬ ಬ್ರೆಡ್ಡಿನೊಳಗೆ ಮೀನಿರುತ್ತದೆ, ಕೇಳಿಯೇ ಕೊಳ್ಳಬೇಕು.

ನಮ್ಮ ಘಟ್ಟದ ಜಿಗಣೆ ಅಲ್ಲಿಲ್ಲವೆಂದು ನಿರಾಳರಾಗಬೇಡಿ. ಮಾರ್ಚಿನ ಹೊತ್ತಿಗೆ ಪೈನ್ ಮರದ ಕಂಬಳಿಹುಳುಗಳು ಒಂದರ ಹಿಂದೊಂದು ಸಾಲಾಗಿ ದಾರಿಗೆ ಇಳಿಯುತ್ತವೆ. ಅವುಗಳ ರೋಮ ಚರ್ಮಕ್ಕೂ ಕಣ್ಣಿಗೂ ವಿಪರೀತ ಉರಿ ತರುತ್ತದೆ. ಬಿಳಿ ಬಲೆಯಂಥ ಗೂಡು ಕಂಡ ಮರದಡಿ ನಾವು ಕೂರುವುದಿಲ್ಲ.

ಹಣದ ಮಾತಿಗೆ ಬಂದರೆ, ಬೆಂಗಳೂರಿನ ಪ್ರವಾಸಿ ಸಂಸ್ಥೆಯೊಂದು ಹತ್ತು ದಿನಕ್ಕೆ ಒಬ್ಬರಿಗೆ ಮೂರು ಲಕ್ಷದ ಹತ್ತಿರ ಕೇಳಿತ್ತು, ಅದರಲ್ಲಿ ನಡಿಗೆ ಒಂದೇ ಒಂದು ದಿನ. ನಮಗೆ ತಗುಲಿದ್ದು ಒಂದೂಮುಕ್ಕಾಲು ಲಕ್ಷದ ಆಸುಪಾಸು. ಅದರಲ್ಲಿ ಮುಖ್ಯವಾದವು: ವಿಮಾನಕ್ಕೆ ಅರವತ್ತು-ಅರವತ್ತೈದು ಸಾವಿರ, 90 ಯೂರೋ ವೀಸಾ ಶುಲ್ಕ, ಯೂರೋಪಿನ ಷೆಂಗೆನ್ ವೀಸಾ ನಿಯಮದಂತೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ, ಅಡುಗೆಮನೆ ಇರುವ ಮನೆಗೆ ದಿನಕ್ಕೆ ತೊಂಬತ್ತು ಯೂರೋ, ಅದನ್ನು ನಾಲ್ವರಲ್ಲಿ ಹಂಚಿಕೊಂಡದ್ದು. ಆ ದರಕ್ಕೆ ಮನೆ ದೊರೆತದ್ದು ಹೇಗೆ ಎಂಬುದು ನನ್ನ ಬಳಿಯೇ ಇರಲಿ. ವಿಮೆಯಲ್ಲಿ ಬೆಟ್ಟದ ರಕ್ಷಣಾ ಕಾರ್ಯದ ಖರ್ಚು ಸೇರಿದೆಯೇ ಎಂದು ಸಣ್ಣ ಅಕ್ಷರ ಓದಿಯೇ ಸಹಿ ಮಾಡುವುದು ನಮ್ಮ ರೂಢಿ.

ಎಝ್‌ನಲ್ಲಿ ಫಲಿಸಿದ್ದು ಬೇರೆಡೆಯೂ ನಡೆದೀತೇ ಎಂದು ಮೆಂತೋನ್ ಬಳಿ ಪರೀಕ್ಷಿಸಿದೆವು. ಸಾಂತ್ ಆನ್ಯೆಸ್, ಏಳುನೂರು ಮೀಟರ್‌ಗೂ ಮಿಗಿಲಾದ ಎತ್ತರದಲ್ಲಿ ಕಡಲನ್ನು ನೋಡುತ್ತಾ ನಿಂತ ಊರು. ಅದರ ಬಂಡೆಯೊಳಗೆ 1930ರ ದಶಕದಲ್ಲಿ ಫ್ರಾನ್ಸ್ ಗಡಿರಕ್ಷಣೆಗೆಂದು ಕಟ್ಟಿದ ಮ್ಯಾಜಿನೋ ಸಾಲಿನ ಕೋಟೆಯೊಂದಿದೆ. ಕಡಲಿನಿಂದಲೇ ಏರುವ ಹಟ ಇಲ್ಲಿ ನಡೆಯಲಿಲ್ಲ, ಮೂವರು ಬಿಟ್ಟರೆ ಉಳಿದವರು ಅರ್ಧಕ್ಕೇ ಕೈಬಿಟ್ಟರು. ಮರುದಿನ ಗೋರ್ಬಿಯೊ ಹಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಏರಿದಾಗ ಉಳಿದದ್ದು ಹೆಚ್ಚುಕಡಿಮೆ ಎಝ್‌ನಷ್ಟೇ ಏರು. ಎಲ್ಲರೂ ಮಧ್ಯಾಹ್ನದ ಊಟದೊಳಗೆ ಮೇಲಿದ್ದರು. ಸಾಂತ್ ಆನ್ಯೆಸ್‌ನಿಂದ ಮೆಂತೋನ್‌ಗೆ ಇಳಿಯುವ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಆದ್ದರಿಂದ ಇಲ್ಲಿ ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಬೇಕು: ಕೊನೆಯ ಬಸ್ಸಿನ ಹಿಂದಿನ ಬಸ್ಸನ್ನು ಗುರಿಯಾಗಿಟ್ಟುಕೊಂಡು, ಊಟಕ್ಕೆ ಒಂದು ಗಂಟೆ, ಏರಿಗೆ ಫಲಕದ ಅವಧಿಯ ಒಂದೂವರೆ ಪಟ್ಟು ಕಳೆದರೆ ಸಿಗುವ ಸಮಯಕ್ಕೆ ಗೋರ್ಬಿಯೊ ಬಿಡುವುದು. ಭಾನುವಾರ ಮತ್ತು ರಜಾದಿನಗಳಲ್ಲಿ ಬಸ್ಸುಗಳು ಇನ್ನೂ ಕಡಿಮೆ, ಆ ದಿನಗಳನ್ನು ನಾವು ಎಝ್‌ಗೇ ಮೀಸಲಿಡುತ್ತೇವೆ.